ಕಟ್ಟದ ನೀರಿಗಿಳಿಯುವ ಮೊದಲು: ಕಾಂಪ್ಯಾಕ್ಟ್ ಕ್ಯಾಮೆರಾಕ್ಕೆ ಪೋರ್ಟ್ ಮತ್ತು ಲೆನ್ಸ್ ಆರಿಸುವ ಬಗೆ

ಧನು ತಿಂಗಳು ಬಂತೆಂದರೆ ನಮ್ಮ ಕಾಸರಗೋಡಿನ ಎಣ್ಮಕಜೆ, ಬಾಯಾರು ಕಡೆ ತೋಡಿಗೆ (ಸಣ್ಣ ಹಳ್ಳಕ್ಕೆ) ಅಡ್ಡವಾಗಿ ಕಟ್ಟ ಏಳುತ್ತದೆ. ಕಲ್ಲು ಪೇರಿಸಿ ನಡುವೆ ಮಣ್ಣು ತುಳಿದು ನಿಲ್ಲಿಸಿದ ಆ ತಡೆಯ ಹಿಂದೆ ನೀರು ಸೊಂಟದವರೆಗೆ ಬರುತ್ತದೆ, ಕೆಲವು ಕಡೆ ಆಳುದ್ದ. ಒಂದೆರಡು ವಾರ ಕಳೆದು ಕೆಸರು ಕೂತ ಮೇಲೆ ತಳದ ಕಲ್ಲುಗಳನ್ನು ದಡದಲ್ಲಿ ನಿಂತೇ ಎಣಿಸಬಹುದು. ನೀರೊಳಗಿನ ಫೋಟೋ ನಾನು ಕಲಿತದ್ದು ಇಂಥ ಕಟ್ಟಗಳಲ್ಲೇ. ಆಮೇಲೆ ಪಯಸ್ವಿನಿ ಹೊಳೆಯ ಕಯಗಳಿಗೆ (ಆಳದ ಗುಂಡಿಗಳಿಗೆ) ಹೋದೆ, ಇನ್ನೂ ಆಮೇಲೆ ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ.

ಈ ಹವ್ಯಾಸಕ್ಕೆ ಬರುವವರು ಮೊದಲು ಕೇಳುವುದು ಯಾವ ಕ್ಯಾಮೆರಾ ಎಂದು. ನನ್ನ ಅನುಭವದಲ್ಲಿ ಆ ಪ್ರಶ್ನೆಗೆ ಮೂರನೆಯದೋ ನಾಲ್ಕನೆಯದೋ ಸ್ಥಾನ. ನೀವು ಇಳಿಯುವ ನೀರು ಎಷ್ಟು ತಿಳಿ, ಅಲ್ಲಿ ಯಾವುದರ ಚಿತ್ರ ಬೇಕು, ಹೌಸಿಂಗಿನ (ಕ್ಯಾಮೆರಾಕ್ಕೆ ನೀರು ತಾಗದಂತೆ ಮುಚ್ಚುವ ಪೆಟ್ಟಿಗೆಯ) ಮುಂದಿರುವ ಗಾಜು, ಅಂದರೆ ಪೋರ್ಟ್, ಎಂಥದ್ದು, ಆ ಗಾಜಿನ ಮುಂದೆ ಏನು ಸಿಕ್ಕಿಸಬಹುದು: ಇದೇ ಅನುಕ್ರಮದಲ್ಲಿ ಯೋಚಿಸಿದರೆ ದುಡ್ಡು ದಂಡವಾಗುವುದಿಲ್ಲ.

ನೀರನ್ನು ಅಳೆಯಿರಿ

ಮನೆಯಲ್ಲಿರುವ ಬಿಳಿ ಟೈಲ್ಸಿನ ಒಂದು ತುಂಡು ಸಾಕು. ಒಬ್ಬರು ಅದನ್ನು ನೀರೊಳಗೆ ನೆಟ್ಟಗೆ ಹಿಡಿದು ನಿಲ್ಲಲಿ. ನೀವು ಮಾಸ್ಕ್ ಹಾಕಿ ಮುಖ ಮುಳುಗಿಸಿ ಹಿಂದೆ ಹಿಂದೆ ಸರಿಯಿರಿ. ಟೈಲ್ಸ್ ಕಾಣದಾದ ಕಡೆ ನಿಂತು ದೂರ ಅಳೆಯಿರಿ. ನಮ್ಮ ಕಟ್ಟಗಳಲ್ಲಿ ಒಳ್ಳೆಯ ದಿನ ನನಗೆ ಎರಡರಿಂದ ಮೂರು ಮೀಟರ್ ಸಿಗುತ್ತದೆ. ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ಬಾಯಿಯಲ್ಲಿ ನೀರು ಕೂಡಿಡುವ ಕೆರೆಯಲ್ಲಿ ಇನ್ನೂ ಹೆಚ್ಚು. ಅಳಿವೆಯ ಹತ್ತಿರ ಹೋದರೆ ಅರ್ಧ ಮೀಟರೂ ಇಲ್ಲದ ದಿನಗಳಿವೆ. (ಸುರಂಗದ ಒಳಗೆ ಮಾತ್ರ ಕ್ಯಾಮೆರಾ ಹಿಡಿದು ಹೋಗಬೇಡಿ. ಒಳಗೆ ಗಾಳಿ ಕಡಿಮೆ, ಮಣ್ಣು ಕುಸಿಯುವ ಭಯವೂ ಇದೆ. ಹೊರಗಿನ ಕೆರೆಯೇ ಬೇಕಾದಷ್ಟಾಯಿತು.)

ಆ ಅಳತೆಯ ಕಾಲು ಭಾಗದೊಳಗೆ ಚಿತ್ರ ತೆಗೆಯಬೇಕೆಂಬುದು ನಾನು ಬಿಡದೆ ಪಾಲಿಸುವ ನಿಯಮ. ಎರಡು ಮೀಟರ್ ಕಾಣುವ ನೀರಲ್ಲಿ ಮೀನು ನಿಮ್ಮಿಂದ ಐವತ್ತು ಸೆಂಟಿಮೀಟರಿನ ಒಳಗೆ ಇರಬೇಕು. ಅದಕ್ಕಿಂತ ದೂರವಾದರೆ ನಡುವಿನ ನೀರು ಬಣ್ಣವನ್ನೂ ಹರಿತವನ್ನೂ ತಿನ್ನುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ತಿದ್ದಿದರೂ ಅದು ಮರಳಿ ಬರುವುದಿಲ್ಲ. ಹಾಗಾಗಿ ನಮಗೆ ಬೇಕಾದ್ದು ಹತ್ತಿರ ಹೋಗಲು ಬಿಡುವ ಗಾಜು. ದೂರದ್ದನ್ನು ಎಳೆದು ತರುವ ಜೂಮ್ ನೀರೊಳಗೆ ಬಹಳ ಕಡಿಮೆ ಉಪಯೋಗಕ್ಕೆ ಬರುವಂಥದ್ದು.

ಚಪ್ಪಟೆ ಪೋರ್ಟ್ ಮಾಡುವ ಕೆಲಸ

ಕಾಂಪ್ಯಾಕ್ಟ್ ಕ್ಯಾಮೆರಾಗಳ ಹೌಸಿಂಗ್ ಹೆಚ್ಚಾಗಿ ಚಪ್ಪಟೆ ಪೋರ್ಟಿನದ್ದೇ. ಅದರ ಗುಣ ತಿಳಿದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಕಟ್ಟದಲ್ಲಿ ಮೊದಲ ಸಲ ನನ್ನ ಮಾಸ್ಕ್ ಹಾಕಿ ನೋಡಿದ ನೆರೆಮನೆಯ ಹುಡುಗ ತಲೆ ಎತ್ತಿ, "ಭಾವ, ಮೀನು ಇಷ್ಟು ದೊಡ್ಡ ಉಂಟಾ ಇಲ್ಲಿ?" ಎಂದು ಕೇಳಿದ್ದ. ಬೈರಾಸಿನಲ್ಲಿ (ಹೆಗಲಿನ ವಸ್ತ್ರದಲ್ಲಿ) ಕೋರಿ ಹಿಡಿದಾಗ ಅದೇ ಮೀನು ಕಿರುಬೆರಳಿಗಿಂತ ಸಣ್ಣದು. ನೀರಿನ ವಕ್ರೀಭವನಾಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆಂಬ ಅಳತೆ) 1.33, ಗಾಳಿಯದ್ದು 1. ನೀರಿನಿಂದ ಚಪ್ಪಟೆ ಗಾಜು ದಾಟಿ ಗಾಳಿಗೆ ಬರುವ ಬೆಳಕು ಹೊರಕ್ಕೆ ಬಾಗುತ್ತದೆ. ಹಾಗಾಗಿ ವಸ್ತು ಸುಮಾರು ಮೂರನೇ ಒಂದು ಪಾಲು ದೊಡ್ಡದಾಗಿಯೂ ನಾಲ್ಕನೇ ಒಂದು ಪಾಲು ಹತ್ತಿರವಾಗಿಯೂ ತೋರುತ್ತದೆ. ಆ ಹುಡುಗನ ಮಾಸ್ಕಿನ ಗಾಜಿಗೂ ಹೌಸಿಂಗಿನ ಚಪ್ಪಟೆ ಪೋರ್ಟಿಗೂ ಏನೂ ವ್ಯತ್ಯಾಸವಿಲ್ಲ.

ಇದರಿಂದ ಲೆನ್ಸಿನ ನೋಟ ಕಿರಿದಾಗುತ್ತದೆ. 24 ಮಿಲಿಮೀಟರ್ ಎಂದು ಬರೆದ ಲೆನ್ಸ್ (ಈ ಸಂಖ್ಯೆ ಸಣ್ಣದಾದಷ್ಟೂ ನೋಟ ಅಗಲ) ಗಾಳಿಯಲ್ಲಿ ಮೂಲೆಯಿಂದ ಮೂಲೆಗೆ 84 ಡಿಗ್ರಿ ನೋಡುತ್ತದೆ, ಚಪ್ಪಟೆ ಪೋರ್ಟಿನ ಹಿಂದೆ ಕೂತು ನೀರಿಗಿಳಿದರೆ ಸುಮಾರು 60 ಡಿಗ್ರಿ. ಈಜುವ ಒಬ್ಬ ಮನುಷ್ಯನನ್ನು ಚೌಕಟ್ಟಿನ ಮೂಲೆಯಿಂದ ಮೂಲೆಗೆ ಕೂರಿಸಲು ನೀವು ಹತ್ತಿರ ಹತ್ತಿರ ಒಂದೂವರೆ ಮೀಟರ್ ಹಿಂದೆ ನಿಲ್ಲಬೇಕು. ಎರಡು ಮೀಟರ್ ಕಾಣುವ ನೀರಲ್ಲಿ ಒಂದೂವರೆ ಮೀಟರ್ ದೂರದಿಂದ ತೆಗೆದ ಚಿತ್ರ ಗಂಜಿ ತಿಳಿಯೊಳಗೆ ನೋಡಿದ ಹಾಗಿರುತ್ತದೆ. ಅಂಚುಗಳಲ್ಲಿ ಬಣ್ಣ ಒಡೆಯುವುದು, ನೇರ ಗೆರೆ ಬಾಗುವುದು ಕೂಡ ಇದೇ ಪೋರ್ಟಿನ ಕೊಡುಗೆ. ನೋಟ ಅಗಲವಾದಷ್ಟೂ ಅದು ಹೆಚ್ಚು.

ಆದರೆ ಸಣ್ಣದನ್ನು ದೊಡ್ಡದು ಮಾಡುವಲ್ಲಿ ಇದೇ ಗುಣ ನಿಮ್ಮ ಕಡೆಗಿರುತ್ತದೆ. ಸಿಗಡಿ, ಗೊದಮೊಟ್ಟೆ, ಕಲ್ಲಿಗಂಟಿದ ಬಸವನಹುಳು, ಇವಕ್ಕೆಲ್ಲ ಚಪ್ಪಟೆ ಪೋರ್ಟೇ ಸರಿ. ಕಾಸು ಖರ್ಚಿಲ್ಲದೆ ವಸ್ತು ಮೂರನೇ ಒಂದು ಪಾಲು ಹೆಚ್ಚು ದೊಡ್ಡದಾಗಿ ಸಿಗುತ್ತದೆ.

ಹೌಸಿಂಗ್ ಕೊಳ್ಳುವಾಗ ನೋಡಬೇಕಾದ್ದು

ಅಂಗಡಿಯಲ್ಲಿ ಎಲ್ಲರೂ ಕೇಳುವುದು ಎಷ್ಟು ಮೀಟರ್ ಆಳ ತಡೆಯುತ್ತದೆ ಎಂದು. ಕಟ್ಟಕ್ಕೂ ಹೊಳೆಗೂ ಅದು ಪ್ರಶ್ನೆಯೇ ಅಲ್ಲ. ನೀವು ಕೇಳಬೇಕಾದ್ದು ಎರಡು.

ಒಂದು, ಪೋರ್ಟಿನ ಹೊರಬಾಯಿಗೆ ತಿರುಪು ಇದೆಯೇ, ಇದ್ದರೆ ಎಷ್ಟರದ್ದು. ನೀರೊಳಗೆ ಹಾಕಿ ತೆಗೆಯುವ ಲೆನ್ಸುಗಳಿಗೆ ವೆಟ್ ಲೆನ್ಸ್ ಎನ್ನುತ್ತಾರೆ. ಅವುಗಳಲ್ಲಿ ಹೆಚ್ಚಿನವು 67 ಮಿಲಿಮೀಟರ್ ತಿರುಪಿಗೆ, ಅಂದರೆ ಎಂ67ಕ್ಕೆ, ತಯಾರಾಗುತ್ತವೆ. ಒಲಿಂಪಸ್ (ಈಗ ಓಎಂ ಸಿಸ್ಟಮ್) ಟಿಜಿ ಸಾಲಿನ ಕ್ಯಾಮೆರಾಗಳಿಗೆ ಅದೇ ಕಂಪನಿ ಮಾಡುವ ಹೌಸಿಂಗಿನಲ್ಲಿ 52 ಮಿಲಿಮೀಟರಿನದ್ದಿದೆ. ಅದಕ್ಕೆ 52ರಿಂದ 67ಕ್ಕೆ ಏರಿಸುವ ರಿಂಗ್ ಸಿಗುತ್ತದೆ, ಆದರೆ ರಿಂಗಿನ ದಪ್ಪದಷ್ಟು ಲೆನ್ಸ್ ಮುಂದೆ ಹೋಗಿ ಮೂಲೆ ಕಪ್ಪಾಗುವ ಸಂಭವವಿದೆ. ತಿರುಪೇ ಇಲ್ಲದ ಅಗ್ಗದ ಹೌಸಿಂಗ್ ಕೊಂಡರೆ ಅಲ್ಲಿಗೇ ದಾರಿ ಮುಗಿಯಿತು.

ಎರಡು, ಪೋರ್ಟ್ ಎಷ್ಟು ಉದ್ದ. ಇದು ಹಲವರಿಗೆ ಹೊಳೆಯುವುದೇ ಇಲ್ಲ. ಕಾಂಪ್ಯಾಕ್ಟ್ ಕ್ಯಾಮೆರಾದ ಲೆನ್ಸ್ ಆನ್ ಮಾಡಿದಾಗ ಹೊರಗೆ ಚಾಚುತ್ತದೆ, ಜೂಮ್ ಮಾಡಿದರೆ ಇನ್ನಷ್ಟು. ಪೂರ್ತಿ ಚಾಚಿದ ಲೆನ್ಸಿಗೆ ಜಾಗ ಬೇಕಾದ್ದರಿಂದ ಉದ್ದ ಜೂಮಿನ ಕ್ಯಾಮೆರಾಕ್ಕೆ ಉದ್ದ ಪೋರ್ಟ್ ಕೊಡುತ್ತಾರೆ. ಆದರೆ ಅಗಲ ನೋಟದಲ್ಲಿ ಲೆನ್ಸ್ ಒಳಗೇ ಇರುತ್ತದೆ, ಗಾಜು ದೂರದಲ್ಲಿರುತ್ತದೆ. ಕೊಳವೆಯೊಳಗಿಂದ ಇಣುಕಿದಂತೆ ನಾಲ್ಕು ಮೂಲೆಯೂ ಕಪ್ಪು.

ಸೋನಿ ಆರ್‌ಎಕ್ಸ್100 ಸಾಲನ್ನೇ ನೋಡಿ. 2014ರ ಮೂರನೇ ಮಾದರಿಯಲ್ಲಿ 24ರಿಂದ 70 ಮಿಲಿಮೀಟರಿನ ಲೆನ್ಸ್. 2018ರ ಆರನೆಯದರಲ್ಲೂ 2019ರ ಏಳನೆಯದರಲ್ಲೂ 24ರಿಂದ 200. ದಡದ ಮೇಲೆ ಹೊಸದೇ ಮೇಲು, ಸಂಶಯವಿಲ್ಲ. ನೀರೊಳಗೆ ಅಗಲ ನೋಟದ ಚಿತ್ರವೇ ಮುಖ್ಯ ಎನ್ನುವವರಿಗೆ ನಾನು ಹಳೆಯ ಮಾದರಿಯನ್ನೇ ಹೇಳುತ್ತೇನೆ. ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಹೊಸದೇ ಬೇಕೆಂದಾದರೆ ಗಿಡ್ಡ ಪೋರ್ಟು, ಉದ್ದ ಪೋರ್ಟು ಎರಡನ್ನೂ ಬದಲಿಸಿ ಹಾಕಬಹುದಾದ ಹೌಸಿಂಗ್ ನೋಡಿ. ಗಿಡ್ಡದ್ದು ಹಾಕಿದಾಗ ಜೂಮ್ ಒತ್ತಬಾರದೆಂಬುದು ನೆನಪಿರಲಿ. ಲೆನ್ಸ್ ಹೋಗಿ ಗಾಜಿಗೆ ಬಡಿಯುತ್ತದೆ.

ಟಿಜಿ-6 (2019), ಟಿಜಿ-7 (2023) ಇದ್ದವರ ಕತೆ ಬೇರೆ. ಇವುಗಳ ಜೂಮ್ ದೇಹದ ಒಳಗೇ ಓಡುತ್ತದೆ, ಹೊರಗೆ ಏನೂ ಚಾಚುವುದಿಲ್ಲ. ಹೌಸಿಂಗ್ ಇಲ್ಲದೆಯೇ 15 ಮೀಟರ್ ಆಳ ತಡೆಯುತ್ತವೆ. ಮೈಕ್ರೋಸ್ಕೋಪ್ ಮೋಡಿನಲ್ಲಿ ಲೆನ್ಸಿನಿಂದ ಒಂದು ಸೆಂಟಿಮೀಟರ್ ದೂರದ್ದನ್ನೂ ಫೋಕಸ್ ಮಾಡುತ್ತವೆ. ಕಟ್ಟದಲ್ಲಿ ಸಣ್ಣ ಜೀವಿಗಳ ಚಿತ್ರ ಮಾತ್ರ ಸಾಕೆನ್ನುವವರು ಹೌಸಿಂಗಿನ ಗೋಜಿಗೇ ಹೋಗಬೇಕಿಲ್ಲ.

ಅಗಲ ನೋಟದ ಲೆನ್ಸ್

ಒಂದೇ ಒಂದು ಲೆನ್ಸಿಗೆ ದುಡ್ಡಿದೆ ಎಂದಾದರೆ ಅದು ಅಗಲ ನೋಟದ್ದಿರಲಿ. ಸಣ್ಣ ಜೀವಿಗಳನ್ನು ಕ್ಯಾಮೆರಾದ ಸ್ವಂತ ಮ್ಯಾಕ್ರೋ ಮೋಡಿನಲ್ಲಿ ಹೇಗಾದರೂ ಸುಧಾರಿಸಬಹುದು. ಆದರೆ 60 ಡಿಗ್ರಿಯನ್ನು 130 ಮಾಡಲು ಕ್ಯಾಮೆರಾದೊಳಗೆ ಯಾವ ಉಪಾಯವೂ ಇಲ್ಲ.

ಕಟ್ಟದ ತಳದಲ್ಲಿ ಅಂಗಾತ ಮಲಗಿ ಒಮ್ಮೆ ಮೇಲೆ ನೋಡಿ. ಹೊರಗಿನ ಲೋಕವೆಲ್ಲ ಒಂದು ದುಂಡು ಕಿಂಡಿಯೊಳಗೆ ಸೇರಿರುತ್ತದೆ. ಅಡಿಕೆ ಮರದ ತಲೆಗಳು ಸುತ್ತಲಿಂದ ಬಾಗಿ ಬಂದು ನಡುವೆ ಒಂದು ತುಂಡು ಆಕಾಶ, ಕಿಂಡಿಯಾಚೆ ನೀರು ಕನ್ನಡಿಯಾಗಿ ತಳದ ಕಲ್ಲನ್ನೇ ತೋರಿಸುತ್ತದೆ. ಆ ಕಿಂಡಿಯ ಅಗಲ ಸುಮಾರು 97 ಡಿಗ್ರಿ. ಎಷ್ಟೇ ಆಳದಿಂದ ನೋಡಿದರೂ ಅಷ್ಟೇ, ಬೆಳಕು ಬಾಗುವ ಲೆಕ್ಕದಿಂದ ಬಂದದ್ದದು. ಚಪ್ಪಟೆ ಪೋರ್ಟಿನ 60 ಡಿಗ್ರಿಯಲ್ಲಿ ಅದು ಎಂದೂ ಹಿಡಿಸದು. ಅಗಲ ನೋಟದ ವೆಟ್ ಲೆನ್ಸ್ ಹಾಕಿ ಮೊದಲ ಸಲ ಆ ವೃತ್ತ ಪೂರ್ತಿ ಚೌಕಟ್ಟಿನೊಳಗೆ ಕೂತದ್ದನ್ನು ಕಂಡಾಗ ಉಸಿರು ಮುಗಿಯುವವರೆಗೆ ನಾನು ಮೇಲೆ ಬಂದಿರಲಿಲ್ಲ.

ಈ ಲೆನ್ಸುಗಳಲ್ಲಿ ಎರಡು ಬಗೆ. ಮೊದಲನೆಯದು, ಜೂಮನ್ನು ಪೂರ್ತಿ ಅಗಲದಲ್ಲೋ ಒಂದು ನಿಗದಿ ಜಾಗದಲ್ಲೋ ಇಟ್ಟರೆ ಮಾತ್ರ ಸರಿಯಾಗಿ ಕೆಲಸ ಮಾಡುವಂಥದ್ದು. ಎರಡನೆಯದು, ಹಾಕಿಕೊಂಡೇ ಜೂಮ್ ಮಾಡಬಹುದಾದ್ದು. ನೌಟಿಕ್ಯಾಮ್ ಕಂಪನಿಯ ಡಬ್ಲ್ಯುಡಬ್ಲ್ಯುಎಲ್-1 ಈ ಎರಡನೇ ಬಗೆಯದು, 28 ಮಿಲಿಮೀಟರ್ ಲೆನ್ಸಿನ ಮುಂದೆ 130 ಡಿಗ್ರಿ ಕೊಡುತ್ತದೆ. ದುಬಾರಿ, ಭಾರವೂ ಹೌದು. 28 ಎಂಬ ಸಂಖ್ಯೆಯನ್ನು ಗಮನಿಸಿ. ನಿಮ್ಮ ಕ್ಯಾಮೆರಾ 24ರಿಂದ ಶುರುವಾಗುವುದಾದರೆ ಮೂಲೆ ಕಪ್ಪು ಹೋಗುವಷ್ಟು, 28ರ ಆಸುಪಾಸಿಗೆ, ಸ್ವಲ್ಪ ಜೂಮ್ ಮಾಡಿಕೊಳ್ಳಬೇಕು. ಲೆನ್ಸಿನ ಪೆಟ್ಟಿಗೆ ಮೇಲೆ ಬರೆದ ಡಿಗ್ರಿ ಯಾವ ಮಿಲಿಮೀಟರಿಗೆ ಹೇಳಿದ್ದೆಂದು ಕೇಳದೆ ಕೊಳ್ಳಬೇಡಿ.

ಇನ್ನು ಡೋಮ್. ಅರ್ಧಗೋಳದ ಗಾಜಿನ ಸರಿಯಾದ ಕೇಂದ್ರದಲ್ಲಿ ಲೆನ್ಸ್ ಇದ್ದರೆ ಬೆಳಕು ಗಾಜಿಗೆ ನೇರವಾಗಿ ಬೀಳುತ್ತದೆ, ಬಾಗುವುದಿಲ್ಲ, 84 ಡಿಗ್ರಿ 84 ಆಗಿಯೇ ಉಳಿಯುತ್ತದೆ. ಆದರೆ ನೀರು ಮತ್ತು ಡೋಮ್ ಸೇರಿ ಒಂದು ಲೆನ್ಸಿನಂತೆ ವರ್ತಿಸಿ ಬಹುದೂರದ ದೃಶ್ಯವನ್ನೂ ತ್ರಿಜ್ಯದ ಮೂರು ಪಟ್ಟು ದೂರದಲ್ಲಿ ತಂದು ನಿಲ್ಲಿಸುತ್ತದೆ. ಐದು ಸೆಂಟಿಮೀಟರ್ ತ್ರಿಜ್ಯದ ಡೋಮಿನಲ್ಲಿ ಆಚೆ ದಡದ ಕಲ್ಲು ಕೂಡ ಡೋಮಿನಿಂದ 15 ಸೆಂಟಿಮೀಟರ್ ಮುಂದೆ ನಿಂತಂತೆ ಕ್ಯಾಮೆರಾಕ್ಕೆ ತೋರುತ್ತದೆ. ಅಷ್ಟು ಹತ್ತಿರ ಫೋಕಸ್ ಆಗದ ಕ್ಯಾಮೆರಾದ ಮುಂದೆ ಡೋಮ್ ಇಟ್ಟು ಪ್ರಯೋಜನವಿಲ್ಲ. ಕಾಂಪ್ಯಾಕ್ಟುಗಳು ಅಗಲ ನೋಟದಲ್ಲಿ ಸಾಮಾನ್ಯವಾಗಿ ಐದು ಸೆಂಟಿಮೀಟರಿನವರೆಗೆ ಫೋಕಸ್ ಮಾಡುವುದರಿಂದ ಈ ತೊಂದರೆ ಬರುವುದು ಕಡಿಮೆ. ಜೂಮ್ ಮಾಡಿದೊಡನೆ ಬರುತ್ತದೆ.

ಡೋಮ್ ನಿಜವಾಗಿ ಬೇಕಾಗುವುದು ಅರ್ಧ ನೀರು, ಅರ್ಧ ಆಕಾಶದ ಚಿತ್ರಕ್ಕೆ. ಡೋಮ್ ದೊಡ್ಡದಾದಷ್ಟೂ ನೀರಿನ ಗೆರೆ ತೆಳುವಾಗಿ ಬರುತ್ತದೆ. ಕಡಲ ಅಲೆಯಲ್ಲಿ ಸಣ್ಣ ಡೋಮಿನಿಂದ ಕಷ್ಟ, ಗಾಳಿ ಇಲ್ಲದ ಬೆಳಿಗ್ಗೆ ಕಟ್ಟದ ನಿಂತ ನೀರಲ್ಲಿ ನಾಲ್ಕಿಂಚಿನದ್ದೂ ನಡೆಯುತ್ತದೆ. ಅಕ್ರಿಲಿಕ್ ಡೋಮಿಗೆ ಗೀರು ಬೇಗ ಬೀಳುತ್ತದೆ. ಹೊರಮೈಯ ಗೀರು ನೀರೊಳಗೆ ಅಷ್ಟಾಗಿ ಕಾಣದು, ನೀರಿನ ಮೇಲಿನ ಅರ್ಧದಲ್ಲಿ ಮಾತ್ರ ಬಿಸಿಲಿಗೆ ಎದ್ದು ತೋರುತ್ತದೆ.

ಕ್ಲೋಸ್-ಅಪ್ ಲೆನ್ಸ್, ಮತ್ತು ನಾನು ಕಳೆದುಕೊಂಡ ದುಡ್ಡು

ಸಾಧಾರಣ ಫೋಟೋ ಅಂಗಡಿಯಲ್ಲಿ ತಿರುಪಿನ ಕ್ಲೋಸ್-ಅಪ್ ಫಿಲ್ಟರ್ ಅಗ್ಗಕ್ಕೆ ಸಿಗುತ್ತದೆ. ಅಳತೆ 67ರದ್ದೇ ಇತ್ತು, ಪವರ್ +10 ಎಂದು ಬರೆದಿತ್ತು, ತಂದು ಹೌಸಿಂಗಿನ ಮುಂದೆ ತಿರುಗಿಸಿ ಕಟ್ಟಕ್ಕಿಳಿದೆ. ದಡದಲ್ಲಿ ಹತ್ತು ಸೆಂಟಿಮೀಟರಿಗೆ ಫೋಕಸ್ ಆಗುತ್ತಿದ್ದದ್ದು ನೀರಲ್ಲಿ ಏನು ಮಾಡಿದರೂ ಆಗಲಿಲ್ಲ. ಎರಡು ದಿನ ಕ್ಯಾಮೆರಾವೇ ಹಾಳಾಯಿತೆಂದು ನಂಬಿದ್ದೆ.

ಕಾರಣ ಸರಳ. ಲೆನ್ಸಿಗೆ ಪವರ್ ಬರುವುದು ಗಾಜಿಗೂ ಅದರ ಸುತ್ತಲಿನ ಮಾಧ್ಯಮಕ್ಕೂ ಇರುವ ವ್ಯತ್ಯಾಸದಿಂದ. ಗಾಜು 1.52, ಗಾಳಿ 1, ವ್ಯತ್ಯಾಸ 0.52. ಎರಡೂ ಬದಿಗೆ ನೀರು ತುಂಬಿದರೆ ವ್ಯತ್ಯಾಸ ಬರೇ 0.19. ಮೂರನೇ ಎರಡು ಪಾಲು ಪವರ್ ಹೋಯಿತು. +10 ಎಂದದ್ದು ನೀರಲ್ಲಿ +3ರ ಹಾಗೆ ವರ್ತಿಸುತ್ತದೆ. ನೀರಿಗೆಂದೇ ಮಾಡಿದ ಕ್ಲೋಸ್-ಅಪ್ ಲೆನ್ಸಿನೊಳಗೆ ಗಾಜುಗಳ ನಡುವೆ ಗಾಳಿಯನ್ನು ಭದ್ರವಾಗಿ ಮುಚ್ಚಿರುತ್ತಾರೆ. ಅದಕ್ಕೇ ಅದಕ್ಕೆ ಬೆಲೆ.

ಪವರ್ ಆರಿಸಲು ಒಂದು ಭಾಗಾಕಾರ ಸಾಕು. ಕ್ಯಾಮೆರಾ ದೂರಕ್ಕೆ ಫೋಕಸ್ ಆಗಿರುವಾಗ ವಸ್ತು ಲೆನ್ಸಿನಿಂದ ಎಷ್ಟು ದೂರ ಇರಬೇಕೆಂದು ತಿಳಿಯಲು 100 ಸೆಂಟಿಮೀಟರನ್ನು ಪವರಿನಿಂದ ಭಾಗಿಸಿ. +6ಕ್ಕೆ ಸುಮಾರು 16 ಸೆಂಟಿಮೀಟರ್, +10ಕ್ಕೆ 10, +15ಕ್ಕೆ ಆರೂವರೆ. ಆರೂವರೆ ಸೆಂಟಿಮೀಟರಿಗೆ ಹೋದರೆ ಸಿಗಡಿ ಹಾರಿ ಹೋಗುತ್ತದೆ, ಬೆಳಕಿಗೂ ಜಾಗವಿರುವುದಿಲ್ಲ. ಮೊದಲ ಕ್ಲೋಸ್-ಅಪ್ ಲೆನ್ಸ್ +6 ಇರಲಿ. ಇನಾನ್ ಕಂಪನಿಯ ಯುಸಿಎಲ್-165 ಈ ಪವರಿನದ್ದು, ಹೆಸರಿನಲ್ಲಿರುವ 165 ಅದರ ಮಿಲಿಮೀಟರ್ ಲೆಕ್ಕ. 24-70 ಕ್ಯಾಮೆರಾದಲ್ಲಿ ಜೂಮನ್ನು ಕೊನೆಗೆ ತಂದು +6 ಹಾಕಿದರೆ ಚೌಕಟ್ಟಿನ ಅಗಲ ಸುಮಾರು ಆರು ಸೆಂಟಿಮೀಟರ್, ಒಂದು ಬೆಂಕಿಪೆಟ್ಟಿಗೆಯ ಉದ್ದಕ್ಕಿಂತ ಸ್ವಲ್ಪ ಹೆಚ್ಚು. 24-200 ಕ್ಯಾಮೆರಾ ಇದ್ದವರಿಗೆ ಇಲ್ಲಿ ನಿಜವಾದ ಲಾಭ, ಅದೇ ಲೆನ್ಸಿನಿಂದ ಎರಡು ಸೆಂಟಿಮೀಟರ್ ಚಿಲ್ಲರೆ. ಕ್ಲೋಸ್-ಅಪ್ ಲೆನ್ಸನ್ನು ಯಾವಾಗಲೂ ಜೂಮ್ ಮಾಡಿಯೇ ಬಳಸಬೇಕು. ಅಗಲ ನೋಟದಲ್ಲಿ ಹಾಕಿದರೆ ಮೂಲೆ ಕಪ್ಪಾಗುವುದಲ್ಲದೆ ಬೇರೆ ಲಾಭವಿಲ್ಲ.

ತೊಟ್ಟಿಯಲ್ಲಿ ಪರೀಕ್ಷೆ

ತೋಟದ ಸಿಮೆಂಟ್ ತೊಟ್ಟಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಗ್ರಾಫ್ ಹಾಳೆಯೊಂದನ್ನು ಲ್ಯಾಮಿನೇಟ್ ಮಾಡಿಸಿ ಒಳಗೋಡೆಗೆ ಕಲ್ಲು ಒತ್ತಿ ನಿಲ್ಲಿಸಿ.

1. ಕ್ಯಾಮೆರಾ ಇಲ್ಲದೆ ಖಾಲಿ ಹೌಸಿಂಗಿನೊಳಗೆ ಒಂದು ಟಿಶ್ಯೂ ಕಾಗದ ಇಟ್ಟು ಮುಚ್ಚಿ ಅರ್ಧ ಗಂಟೆ ಮುಳುಗಿಸಿ. ತೆಗೆದಾಗ ಕಾಗದ ಗರಿಗರಿಯಾಗಿ ಇರಬೇಕು.

2. ಕ್ಯಾಮೆರಾ ಹಾಕಿ, ವೆಟ್ ಲೆನ್ಸ್ ಇಲ್ಲದೆ, ಅತ್ಯಂತ ಅಗಲದಿಂದ ಕೊನೆಯವರೆಗೆ ಜೂಮಿನ ನಾಲ್ಕೈದು ಜಾಗಗಳಲ್ಲಿ ಹಾಳೆಯ ಚಿತ್ರ ತೆಗೆಯಿರಿ. ಪ್ರತಿಯೊಂದರಲ್ಲೂ ಎಷ್ಟು ಚೌಕ ಹಿಡಿಯಿತೆಂದು ಬರೆದಿಡಿ.

3. ಅಗಲದ ಲೆನ್ಸನ್ನು ನೀರೊಳಗೇ ಸಿಕ್ಕಿಸಿ. ಮೂಲೆ ಕಪ್ಪು ಮಾಯವಾಗುವವರೆಗೆ ಸ್ವಲ್ಪ ಸ್ವಲ್ಪವೇ ಜೂಮ್ ಮಾಡಿ. ಆ ಜೂಮಿನ ಸಂಖ್ಯೆಯನ್ನು ಹೌಸಿಂಗಿನ ಬೆನ್ನಿಗೆ ಪರ್ಮನೆಂಟ್ ಮಾರ್ಕರಿನಲ್ಲಿ ಬರೆಯಿರಿ. ನೀರಲ್ಲಿ ನೆನಪು ಕೈಕೊಡುತ್ತದೆ.

4. ಮೂಲೆಯ ಚೌಕಗಳನ್ನು ಹಿಗ್ಗಿಸಿ ನೋಡಿ. ಎಫ್2.8ರಲ್ಲಿ (ಎಫ್ ಎಂಬುದು ಲೆನ್ಸಿನ ಕಂಡಿಯ ಅಳತೆ, ಸಂಖ್ಯೆ ಏರಿದಷ್ಟೂ ಕಂಡಿ ಕಿರಿದು) ಕರಗಿದ ಗೆರೆ ಎಫ್5.6ರಲ್ಲಿ ಎಷ್ಟು ಹರಿತವಾಗುತ್ತದೆ, ಎಫ್8ರಲ್ಲಿ ಎಷ್ಟು ಎಂದು ತಿಳಿದರೆ ಎಲ್ಲಿ ನಿಲ್ಲಿಸಬೇಕೆಂಬುದು ಗೊತ್ತಾಗುತ್ತದೆ.

ಲೆನ್ಸ್ ಕೊಳ್ಳುವ ಮೊದಲೇ ಯಾರಲ್ಲಾದರೂ ಎರವಲು ಸಿಕ್ಕಿದರೆ ಈ ಪರೀಕ್ಷೆ ಮಾಡಿ ನೋಡಿ. ಪೆಟ್ಟಿಗೆ ಮೇಲಿನ ಬರಹಕ್ಕಿಂತ ತೊಟ್ಟಿಯ ಹಾಳೆ ಹೆಚ್ಚು ನಂಬಿಗಸ್ತ.

ನೀರಲ್ಲಿ

ಪೋರ್ಟು ಮತ್ತು ವೆಟ್ ಲೆನ್ಸಿನ ನಡುವಿನ ಜಾಗದಲ್ಲಿ ನೀರು ಪೂರ್ತಿ ತುಂಬಿರಬೇಕು. ದಡದಲ್ಲೇ ತಿರುಗಿಸಿಕೊಂಡು ಇಳಿದರೆ ಅಲ್ಲೊಂದು ಗುಳ್ಳೆ ಉಳಿಯುತ್ತದೆ. ಚಿಕ್ಕ ಪರದೆಯಲ್ಲಿ ಅದು ಕಾಣದು, ಮನೆಗೆ ಬಂದು ನೋಡಿದರೆ ಚಿತ್ರದ ಮೇಲ್ಭಾಗದಲ್ಲಿ ಅರ್ಧಚಂದ್ರದಂತೆ ಮಸುಕು. ಪಯಸ್ವಿನಿಯ ಒಂದು ಕಯದಲ್ಲಿ ಮಿಸ್ ಕೇರಳ ಮೀನುಗಳ ಗುಂಪೊಂದು ನನ್ನ ಮುಂದೆ ಹಾದುಹೋಗಿತ್ತು. ಬೆಳ್ಳಿ ಮೈ, ಉದ್ದಕ್ಕೂ ಕಪ್ಪು ಗೆರೆ, ಅದರ ಮೇಲೆ ಮೂತಿಯಿಂದ ನಡುಮೈವರೆಗೆ ಕೆಂಪು ಗೆರೆ. ಪಶ್ಚಿಮಘಟ್ಟದ ಕೆಲವೇ ಹೊಳೆಗಳಲ್ಲಿರುವ, ಅಕ್ವೇರಿಯಂ ವ್ಯಾಪಾರಕ್ಕಾಗಿ ಹಿಡಿದು ಹಿಡಿದು ಅಳಿವಿನಂಚಿಗೆ ಬಂದ ಮೀನು. ಇಪ್ಪತ್ತಮೂರು ಚಿತ್ರ ತೆಗೆದಿದ್ದೆ, ಇಪ್ಪತ್ತಮೂರರಲ್ಲೂ ಗುಳ್ಳೆ. ಅಂದಿನಿಂದ ಇಳಿದ ಮೇಲೆ ಲೆನ್ಸನ್ನು ಅರ್ಧ ಸುತ್ತು ಸಡಿಲಿಸಿ, ಕ್ಯಾಮೆರಾವನ್ನು ಬದಿಗೆ ವಾಲಿಸಿ, ಬೆರಳಿನಿಂದ ಎರಡು ಸಲ ತಟ್ಟಿ, ಗುಳ್ಳೆ ಮೇಲೆ ಬಂದದ್ದನ್ನು ಕಣ್ಣಾರೆ ನೋಡಿ ಮತ್ತೆ ಬಿಗಿ ಮಾಡುತ್ತೇನೆ. ಮೀನು ಕಂಡ ಜಾಗವನ್ನು ಮಾತ್ರ ಯಾರಿಗೂ ಹೇಳುವುದಿಲ್ಲ, ನೀವೂ ಹೇಳಬೇಡಿ.

ಪೋರ್ಟಿನ ಒಳಗೆ ಮಂಜು ಕಟ್ಟುವುದು ಕುಂಭ ಮಾಸದ ಸೆಕೆಯಲ್ಲಿ ಹೆಚ್ಚು. ಬಿಸಿಲಲ್ಲಿ ನಿಂತು ಹೌಸಿಂಗ್ ಮುಚ್ಚಿದರೆ ಒದ್ದೆ ಗಾಳಿಯೇ ಒಳಗೆ ಸಿಕ್ಕಿಕೊಳ್ಳುತ್ತದೆ, ತಣ್ಣನೆ ನೀರು ತಗಲಿದೊಡನೆ ಗಾಜಿನ ಮೇಲೆ ಬೆವರುತ್ತದೆ. ಬೆಳಿಗ್ಗೆ ಮನೆಯೊಳಗೇ ಮುಚ್ಚಿ, ಒಣಗಿಸಿದ ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಇಡಿ, ದಾರಿಯಲ್ಲಿ ಒದ್ದೆ ಬೈರಾಸು ಸುತ್ತಿ ನೆರಳಲ್ಲಿಡಿ.

ಅಗಲದ ಲೆನ್ಸ್ ಹಾಕಿದರೆ ಕ್ಯಾಮೆರಾದ ಸ್ವಂತ ಫ್ಲ್ಯಾಶ್ ಮರೆತುಬಿಡಿ. ಲೆನ್ಸಿನ ನೆರಳು ಬೀಳುತ್ತದೆ, ತೇಲುವ ಕಣಗಳೆಲ್ಲ ಹಿಮದಂತೆ ಹೊಳೆಯುತ್ತವೆ. ಹತ್ತರಿಂದ ಎರಡು ಗಂಟೆಯ ನಡುವಿನ ಬಿಸಿಲೇ ಕಟ್ಟಕ್ಕೆ ಸಾಕು. ಎಲೆ ಕೊಳೆತ ನೀರು ಚಹಾದ ಬಣ್ಣಕ್ಕಿದ್ದರೆ ಅದೇ ಬಿಳಿ ಟೈಲ್ಸ್ ತೋರಿಸಿ ವೈಟ್ ಬ್ಯಾಲೆನ್ಸ್ ಹೊಂದಿಸಿ. ನೇತ್ರಾಣಿಯಂಥ ಕಡೆ ನಾಲ್ಕೈದು ಮೀಟರ್ ಇಳಿದರೆ ಕೆಂಪು ಮೊದಲು ಮಾಯವಾಗುತ್ತದೆ, ಅಲ್ಲಿ ಹೊರಗಿನ ಫ್ಲ್ಯಾಶೋ ಟಾರ್ಚೋ ಬೇಕೇ ಬೇಕು. ಮಳೆಗಾಲದಲ್ಲಿ ಕಾಲಿಗೆ ಗಾಯವಿದ್ದರೆ ತೋಡು, ಪಳ್ಳಗಳಿಗೆ ಇಳಿಯಬೇಡಿ, ಇಲಿಜ್ವರದ ಕಾಲವದು.

ಮೇಲೆ ಬಂದ ಮೇಲೆ

ನನ್ನ ಒಂದು ಕ್ಯಾಮೆರಾ ಹೋದದ್ದು ಒಂದು ಎಳೆ ತೆಂಗಿನ ನಾರಿನಿಂದ. ಅಂಗಳದಲ್ಲಿ ಕೂತು ಬ್ಯಾಟರಿ ಬದಲಿಸಿದ್ದೆ, ನಾರು ಓ-ರಿಂಗಿನ (ಹೌಸಿಂಗಿನೊಳಗೆ ನೀರು ಹೋಗದಂತೆ ತಡೆಯುವ ರಬ್ಬರ್ ಬಳೆಯ) ಮೇಲೆ ಅಡ್ಡ ಬಿದ್ದದ್ದು ಕಣ್ಣಿಗೆ ಬೀಳಲಿಲ್ಲ. ಸೊಂಟದಷ್ಟು ನೀರಲ್ಲಿ ಎರಡು ನಿಮಿಷ, ಒಳಗೆ ಅರ್ಧ ಲೋಟ ನೀರು. ಈಗ ಒಳಕೋಣೆಯಲ್ಲಿ, ಒದ್ದೆ ಇಲ್ಲದ ಕೈಯಲ್ಲಿ, ಟಾರ್ಚ್ ಓರೆಯಾಗಿ ಹಿಡಿದು ರಿಂಗಿನ ಸುತ್ತ ಒಮ್ಮೆ ನೋಡಿ, ಬೆರಳು ಆಡಿಸಿ ಮತ್ತೊಮ್ಮೆ ನೋಡಿಯೇ ಮುಚ್ಚುವುದು. ರಿಂಗಿಗೆ ಹೌಸಿಂಗಿನ ಜೊತೆ ಬಂದ ಗ್ರೀಸ್ ಮಾತ್ರ, ಅದೂ ಹೊಳಪು ಬರುವಷ್ಟೇ. ಮನೆಯಲ್ಲಿದೆಯೆಂದು ತೆಂಗಿನೆಣ್ಣೆ ಸವರಬೇಡಿ, ಚಳಿಗೆ ಗಟ್ಟಿಯಾಗುತ್ತದೆ, ಧೂಳನ್ನು ಹಿಡಿದಿಡುತ್ತದೆ.

ಕಡಲಿಗೆ ಹೋಗಿ ಬಂದರೆ ಮುಚ್ಚಿದ ಹೌಸಿಂಗನ್ನೂ ಲೆನ್ಸುಗಳನ್ನೂ ಬೇರೆ ಬೇರೆ ಮಾಡಿ ಬಾವಿ ನೀರಿನ ಬಕೆಟಿನಲ್ಲಿ ಅರ್ಧ ಗಂಟೆ ಮುಳುಗಿಸಿ ಪ್ರತಿ ಬಟನನ್ನೂ ಹತ್ತು ಸಲ ಒತ್ತಿ. ಉಪ್ಪು ಒಣಗಿದ ಮೇಲೆ ತಿರುಪು ಕಚ್ಚಿಕೊಂಡು ಲೆನ್ಸ್ ಬಿಚ್ಚಲೇ ಬರುವುದಿಲ್ಲ. ಗಾಜನ್ನು ಒರೆಸುವುದಕ್ಕೆ ಮೊದಲು ನೀರು ಹೊಯ್ದು ಮರಳು ತೊಳೆಯಿರಿ. ನೆರಳಲ್ಲಿ ಒಣಗಿಸಿ, ಮುಚ್ಚಳ ಹಾಕಿ, ಓ-ರಿಂಗನ್ನು ತೆಗೆದು ಪುಟ್ಟ ಡಬ್ಬಿಯಲ್ಲಿಟ್ಟು ಹೌಸಿಂಗನ್ನು ಸ್ವಲ್ಪ ತೆರೆದೇ ಇಡಿ.